ಮೀನು ಸಾಯುತ್ತಿಲ್ಲ ಅಂದರೆ ನದಿ ನೀರು ಚೆನ್ನಾಗಿದೆ ಅಂತಾನಾ?

ನೀರ್ಕಾಗೆ
ಒಂದು ವಾದ ಮುಗಿಯುತ್ತಲೇ ಇಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಚರಂಡಿ ನೀರು ಸೇರುವ ನದಿಯಲ್ಲಿ ಮೀನು ಸತ್ತು ತೇಲಿದರೆ ಎಲ್ಲರೂ ಓಡಿ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ತೇಲದಿದ್ದರೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಗೆಳೆಯರು ಹೇಳುವುದು ಇಷ್ಟೇ: ಮೀನು ಈಜಾಡಿಕೊಂಡಿದೆ ಅಂದ ಮೇಲೆ ನೀರಿಗೆ ಏನೂ ಆಗಿಲ್ಲ. ನನಗೆ ಇದು ಒಪ್ಪಿಗೆ ಇಲ್ಲ, ಆದರೆ ತಿರುಗಿ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಮೈ ಮೇಲೆ ಕೆಂಪು ಹುಣ್ಣು, ಕೊಳೆತ ಬಾಲ, ಬೆಳಗಿನ ಜಾವ ನೀರಿನ ಮೇಲೆ ಬಾಯಿ ಬಿಡುವುದು, ಇವೆಲ್ಲ ಮಾಲಿನ್ಯದಿಂದಲೇ ಬರುತ್ತವಾ? ಇಲ್ಲ ಬರೀ ರೋಗವಾ? ಗೊತ್ತಿರುವವರು ಬಿಡಿಸಿ ಹೇಳಿ.

ತರ್ಕಪ್ಪ
ನಾನು ನಿಮ್ಮ ಗೆಳೆಯರ ಪಕ್ಷ. ಮೀನಿಗಿಂತ ದೊಡ್ಡ ಪರೀಕ್ಷಕ ಯಾರಿದ್ದಾರೆ? ಇಪ್ಪತ್ನಾಲ್ಕು ಗಂಟೆ ಅದೇ ನೀರಿನಲ್ಲಿ ಇರುತ್ತದೆ. ಸಾಯಲಿಲ್ಲ ಅಂದರೆ ನೀರು ಪಾಸ್. ಹುಣ್ಣು, ಹುಳ ಎಲ್ಲ ಶುದ್ಧ ನೀರಿನ ಮೀನಿಗೂ ಬರುತ್ತವೆ.

ಕೆಸರುಕಾಲು
ತರ್ಕಪ್ಪನವರೇ, ನಿಮ್ಮ ಪರೀಕ್ಷೆಯಲ್ಲಿ ಸತ್ತರೆ ಫೇಲ್, ಬದುಕಿದರೆ ಪಾಸ್. ನಡುವೆ ಏನೂ ಇಲ್ಲ. ಮೀನಿನ ರೋಗದ ಕೆಲಸದಲ್ಲಿ ಇರುವವರಿಗೆ ನಡುವಿನ ಜಾಗವೇ ದೊಡ್ಡದು. ಉಸಿರಾಡಲು ಕಷ್ಟಪಡುವ ಮೀನು, ವಾಸನೆ ಹಿಡಿಯಲಾಗದ ಮೀನು, ಮೊಟ್ಟೆ ಇಡದ ಮೀನು, ಇವೆಲ್ಲ ದಂಡೆಯಲ್ಲಿ ನಿಂತು ನೋಡುವವರಿಗೆ "ಈಜಾಡುತ್ತಿರುವ ಮೀನು" ತಾನೇ?

ಮೊದಲು ಕಿವಿರಿನಿಂದ ಶುರು ಮಾಡೋಣ, ಯಾಕೆಂದರೆ ಬಹುತೇಕ ತೊಂದರೆ ಅಲ್ಲಿಂದಲೇ ಶುರು. ಮೀನಿನ ಕೆನ್ನೆಯ ಮುಚ್ಚಳ ಎತ್ತಿ ನೋಡಿ. ಒಳಗೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸಾಲು ಎಳೆಗಳು. ಒಂದೊಂದು ಎಳೆಯ ಮೇಲೂ ಇನ್ನೂ ತೆಳು ಪದರಗಳು. ರಕ್ತಕ್ಕೂ ನೀರಿಗೂ ನಡುವೆ ಇರುವುದು ಒಂದೆರಡು ಜೀವಕೋಶದಷ್ಟು ದಪ್ಪದ ಗೋಡೆ ಮಾತ್ರ. ಅಷ್ಟು ತೆಳು ಇರಲೇಬೇಕು, ಏಕೆಂದರೆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಇದ್ದರೆ, 25 ಡಿಗ್ರಿ ಬಿಸಿಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗುವುದು ಹೆಚ್ಚೆಂದರೆ 8.3 ಮಿಲಿಗ್ರಾಂ. 30 ಡಿಗ್ರಿಗೆ ಹೋದರೆ 7.5.

ಈಗ ಈ ನೀರಿಗೆ ಅಮೋನಿಯಾ, ಲೋಹ, ಸೋಪಿನ ಪುಡಿ, ಹೂಳು ಏನೇ ಬಂದರೂ ಕಿವಿರು ಮಾಡುವುದು ಒಂದೇ ಕೆಲಸ: ದಪ್ಪವಾಗುತ್ತದೆ, ಲೋಳೆ ಸುರಿಸುತ್ತದೆ. ಪದರ ಪದರ ಅಂಟಿಕೊಳ್ಳುತ್ತವೆ. ಅದು ಮೀನಿನ ರಕ್ಷಣೆ, ಆದರೆ ಅದೇ ಅದರ ಉಸಿರನ್ನೂ ಕಟ್ಟುತ್ತದೆ. ಹಾಗೆ ಆದ ಮೀನು ಕೂಡಲೇ ಸಾಯಬೇಕೆಂದಿಲ್ಲ. ಆದರೆ ಊಟಕ್ಕೆ ಓಡುವ, ಪ್ರವಾಹದ ಎದುರು ಈಜುವ, ಮೊಟ್ಟೆ ತುಂಬಿಸಿಕೊಳ್ಳುವ ಶಕ್ತಿ ಉಸಿರಾಟಕ್ಕೇ ಖರ್ಚಾಗುತ್ತದೆ.

ನೀರ್ಕಾಗೆ
ಹಾಗಾದರೆ ಬೆಳಗಿನ ಜಾವ ಮಾತ್ರ ಬಾಯಿ ಬಿಡುವುದು ಯಾಕೆ? ಹತ್ತು ಗಂಟೆ ಹೊತ್ತಿಗೆ ಎಲ್ಲ ಸರಿ ಹೋಗಿರುತ್ತದೆ.

ಬೀಕರಮ್ಮ
ಇದಕ್ಕೆ ನಾನು ಹೇಳುತ್ತೇನೆ, ನನ್ನ ದಿನನಿತ್ಯದ ಕೆಲಸವೇ ನೀರಿನ ಪರೀಕ್ಷೆ.

ಚರಂಡಿ ನೀರಿನ ಜೊತೆ, ಹೊಲದ ಗೊಬ್ಬರದ ಜೊತೆ ಸಾರಜನಕ, ರಂಜಕ ಬರುತ್ತವೆ. ಪಾಚಿಗೆ ಅದೇ ಬೇಕು. ಹಗಲು ಬಿಸಿಲಿದ್ದಾಗ ಪಾಚಿ ಆಮ್ಲಜನಕ ಕೊಡುತ್ತದೆ, ಅಳೆದರೆ ಎಷ್ಟೋ ಸಲ ಕರಗಬೇಕಾದ್ದಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡುತ್ತದೆ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಹೇಗೂ ರಾತ್ರಿ ಹಗಲು ಉಸಿರಾಡುತ್ತಿರುತ್ತವೆ. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಆಮ್ಲಜನಕ ತಳ ಮುಟ್ಟಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ಬೆಚ್ಚಗಿನ ನೀರಿನ ಮೀನುಗಳು ಆರಾಮ. 2ಕ್ಕಿಂತ ಕೆಳಗೆ ಬಂದರೆ ಬಹುತೇಕ ಮೀನು ಒದ್ದಾಡುತ್ತವೆ. ನೀರಿನ ಮೇಲ್ಪದರದಲ್ಲಿ ಗಾಳಿ ತಾಗಿ ಸ್ವಲ್ಪ ಆಮ್ಲಜನಕ ಇರುತ್ತದಲ್ಲ, ಅದನ್ನು ಹೀರಲು ಮೇಲೆ ಬಂದಿರುತ್ತವೆ.

ಇನ್ನೊಂದು ಕಡೆ ಅಮೋನಿಯಾ. ಅದು ಹಗಲಿನ ಕಳ್ಳ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ಅಯಾನಾಗಿದ್ದರೆ, ಅಂದರೆ ವಿದ್ಯುದಂಶ ಹೊತ್ತ ಕಣವಾಗಿದ್ದರೆ, ಅಷ್ಟು ಕೇಡಿಲ್ಲ. ಅಯಾನಾಗದ ಅಮೋನಿಯಾ ಕಿವಿರು ದಾಟಿ ಸೀದಾ ರಕ್ತಕ್ಕೆ ಹೋಗುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಸುಮಾರು ಶೇ. 0.6. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇ. 5. ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಮಧ್ಯಾಹ್ನದ ಬಿಸಿಲಿಗೆ ಪಿಎಚ್ 9 ದಾಟುವುದು ಏನೂ ಅಪರೂಪ ಅಲ್ಲ.

ಅಂದರೆ ಒಂದೇ ಮೀನಿಗೆ ನಸುಕಿನಲ್ಲಿ ಉಸಿರುಕಟ್ಟು, ಮಧ್ಯಾಹ್ನ ಮೂರಕ್ಕೆ ಅಮೋನಿಯಾ ಏಟು. ಸ್ಯಾಂಪಲ್ ತೆಗೆಯುವವರು ಬರುವುದು ಬೆಳಿಗ್ಗೆ ಹನ್ನೊಂದಕ್ಕೆ. ವರದಿಯಲ್ಲಿ ಎರಡೂ ಕಾಣುವುದಿಲ್ಲ. ಇದನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ.

ಗಾಳದ ಗೌಡ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಗಾಳ ಹಾಕುವವರಿಗೆ ಗೊತ್ತಿರುವ ಒಂದು ಲೆಕ್ಕ ಹೇಳುತ್ತೇನೆ, ಯಾವ ಯಂತ್ರವೂ ಬೇಡ.

ಆಮ್ಲಜನಕ ಇಲ್ಲದೆ ಸತ್ತರೆ ದೊಡ್ಡ ಮೀನು ಮೊದಲು ಹೋಗುತ್ತವೆ. ಸಾವು ರಾತ್ರಿ ಇಲ್ಲವೇ ನಸುಕಿನಲ್ಲಿ. ಬಾಯಿ ತೆರೆದಿರುತ್ತದೆ, ಕಿವಿರಿನ ಮುಚ್ಚಳ ಅಗಲವಾಗಿ ನಿಂತಿರುತ್ತದೆ. ವಿಷ ಬಿದ್ದರೆ ಸಾಮಾನ್ಯವಾಗಿ ಮರಿಗಳು ಮೊದಲು ಹೋಗುತ್ತವೆ, ಗಂಟೆ ಗಳಿಗೆ ನೋಡುವುದಿಲ್ಲ, ನಡು ಮಧ್ಯಾಹ್ನವೂ ಆಗಬಹುದು. ಸಾಯುವ ಮುಂಚೆ ಮೀನು ಗಿರ್ರನೆ ಸುತ್ತುತ್ತದೆ, ನೀರಿನಿಂದ ಹಾರುತ್ತದೆ, ಓರೆಯಾಗಿ ಈಜುತ್ತದೆ. ಏಡಿ, ಸಿಗಡಿ, ನೀರುಹುಳ ಎಲ್ಲ ಒಟ್ಟಿಗೆ ಸತ್ತಿದ್ದರೆ ಕೀಟನಾಶಕದ ಮೇಲೆ ಅನುಮಾನ ಪಡಿ.

ಮತ್ತೆ ಯಾವ ಮೀನು ಉಳಿದಿದೆ ಅಂತ ನೋಡಬೇಕು, ಎಷ್ಟು ಉಳಿದಿದೆ ಅಂತ ಅಲ್ಲ. ಕಲ್ಲು ಜಲ್ಲಿಯ ಮೇಲೆ ಮೊಟ್ಟೆ ಇಡುವ ಮೀನು ಮೊದಲು ಮಾಯ. ಹೂಳು ಮೊಟ್ಟೆ ಮುಚ್ಚುತ್ತದೆ, ಒಳಗಿನ ಮರಿಗೆ ಉಸಿರು ಸಿಗುವುದಿಲ್ಲ. ಕೊನೆಗೆ ಉಳಿಯುವುದು ತಿಲಾಪಿಯಾ, ಸಾಮಾನ್ಯ ಗೆಂಡೆ, ಕ್ಯಾಟ್‌ಫಿಶ್, ಕೊರವ. ಕೊರವ ಬಾಯಿಂದ ಗಾಳಿ ಕುಡಿಯುತ್ತದೆ ಮಾರಾಯ್ರೆ, ಅದಕ್ಕೆ ನೀರಿನಲ್ಲಿ ಆಮ್ಲಜನಕ ಇದ್ದರೇನು ಬಿಟ್ಟರೇನು! ಅದನ್ನು ತೋರಿಸಿ ನದಿ ಚೆನ್ನಾಗಿದೆ ಅಂದರೆ ಹೇಗೆ?

ತರ್ಕಪ್ಪ
ಇದು ಒಳ್ಳೆಯ ಮಾತು ಗೌಡ್ರೇ. ಆದರೆ ಹುಣ್ಣಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹುಣ್ಣು ಬರುವುದು ರೋಗಾಣುವಿನಿಂದ. ರೋಗಾಣು ಕಾರ್ಖಾನೆಯಿಂದ ಬರುವುದಿಲ್ಲ.

ಕೆಸರುಕಾಲು
ಬರುವುದಿಲ್ಲ, ಒಪ್ಪಿದೆ. ಏರೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಶುದ್ಧ ನದಿಯಲ್ಲೂ ಇರುತ್ತದೆ, ಆರೋಗ್ಯವಾಗಿರುವ ಮೀನಿನ ಮೈ ಮೇಲೂ ಇರುತ್ತದೆ. ಹತ್ತಿಯ ಹಾಗೆ ಬೆಳ್ಳಗೆ ಬೆಳೆಯುವ ಸ್ಯಾಪ್ರೊಲೆಗ್ನಿಯಾ ಎಂಬ ಶಿಲೀಂಧ್ರದಂಥ ಜೀವಿಯೂ ಹಾಗೇ. ಪ್ರಶ್ನೆ ಇರುವುದು ಇಷ್ಟು ದಿನ ಸುಮ್ಮನಿದ್ದದ್ದು ಈಗ ಯಾಕೆ ಒಳಗೆ ನುಗ್ಗಿತು ಅಂತ.

ಮೀನಿನ ಮೊದಲ ಕಾವಲು ಅದರ ಲೋಳೆ. ಡಿಟರ್ಜೆಂಟ್ ಆ ಲೋಳೆಯನ್ನು ತೊಳೆದು ಹಾಕುತ್ತದೆ. ಹುರುಪೆ ಎದ್ದ ಜಾಗದಲ್ಲಿ ದಾರಿ ಸಿಗುತ್ತದೆ. ಇನ್ನೊಂದು ಕಡೆ, ಕೆಟ್ಟ ನೀರಿನಲ್ಲಿ ಮೀನಿನ ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಏರಿದ್ದು ಇಳಿಯುವುದೇ ಇಲ್ಲ. ದಿನಗಟ್ಟಲೆ ಹಾಗಿದ್ದರೆ ರೋಗ ತಡೆಯುವ ಶಕ್ತಿ ಕುಸಿಯುತ್ತದೆ. ಆಗ ಹುಣ್ಣು. ಒಂದು ಮೀನಿಗೆ ಹುಣ್ಣಾದರೆ ಅದು ರೋಗ ಇರಬಹುದು. ಒಂದೇ ಕಡೆ, ನಾಲ್ಕಾರು ಜಾತಿಯ ಮೀನಿಗೆ ಒಟ್ಟಿಗೆ ಹುಣ್ಣಾದರೆ ನಾನು ಮೊದಲು ನೀರನ್ನು ಕೇಳುತ್ತೇನೆ.

ಒಂದು ಎಚ್ಚರಿಕೆಯೂ ಇರಲಿ. ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್ ಅಂತ ಮೀನಿಂದ ಮೀನಿಗೆ ಹರಡುವ ಒಂದು ಹುಣ್ಣಿನ ರೋಗ ಇದೆ, ಅಫಾನೊಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುತ್ತದೆ. 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡದ್ದು, ಆಮೇಲೆ ಏಷ್ಯಾದ ತುಂಬಾ ಹರಡಿತು. ಕಾರ್ಖಾನೆ ಇಲ್ಲದ ಕಡೆಯೂ ಅದು ಬರುತ್ತದೆ. ಆದ್ದರಿಂದ ಹುಣ್ಣು ಕಂಡ ತಕ್ಷಣ ಬೈಯಲು ಹೊರಡಬೇಡಿ, ಹುಣ್ಣಿನ ಅಂಚಿನ ಮಾಂಸ ಸೂಕ್ಷ್ಮದರ್ಶಕದಲ್ಲಿ ನೋಡಿಸಿ.

ಹೊಸಬೆಳಕು
ನಾನು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಗಂಡು ಮೀನು ಹೆಣ್ಣಾಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಅದು ನಿಜವಾ ಮೇಡಂ, ಇಲ್ಲ ವಾಟ್ಸಾಪ್ ಸುದ್ದಿಯಾ?

ಬೀಕರಮ್ಮ
ನಿಜ ಕಣಮ್ಮ, ಆದರೆ ವಾಟ್ಸಾಪಿನಲ್ಲಿ ಬರುವ ಹಾಗೆ ಪೂರ್ತಿ ಹೆಣ್ಣಾಗುವುದು ಅಂತ ಅಲ್ಲ. ಬ್ರಿಟನ್ನಿನ ನದಿಗಳಲ್ಲಿ ರೋಚ್ ಅನ್ನುವ ಮೀನು ಇದೆ. ಚರಂಡಿ ಶುದ್ಧೀಕರಣ ಘಟಕದ ಕೆಳಗಿನ ಹರಿವಿನಲ್ಲಿ ಹಿಡಿದ ಗಂಡು ರೋಚ್‌ಗಳ ವೃಷಣದೊಳಗೆ ಮೊಟ್ಟೆಯ ಕೋಶಗಳು ಸಿಕ್ಕವು. ಇದು ಅಲ್ಲಿನ ಹಲವು ನದಿಗಳಲ್ಲಿ ಇದೆ ಎಂದು 1998ರಲ್ಲಿ ಪ್ರಕಟವಾಯಿತು. ಕಾರಣ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು: ಮನುಷ್ಯರ ಮೂತ್ರದಲ್ಲಿ ಸಹಜವಾಗಿ ಹೋಗುವುದು, ಗರ್ಭನಿರೋಧಕ ಮಾತ್ರೆಯಿಂದ ಹೋಗುವುದು, ಜೊತೆಗೆ ಅದರಂತೆಯೇ ನಟಿಸುವ ಕೆಲವು ಕಾರ್ಖಾನೆ ರಾಸಾಯನಿಕಗಳು. ಇಂಥ ನೀರಿನ ಗಂಡು ಮೀನಿನ ರಕ್ತದಲ್ಲಿ ವಿಟೆಲೋಜೆನಿನ್ ಸಿಗುತ್ತದೆ. ಅದು ಮೊಟ್ಟೆಯ ಹಳದಿ ಕಟ್ಟಲು ಬೇಕಾದ ಪ್ರೋಟೀನ್. ಗಂಡಿಗೆ ಅದರಿಂದ ಏನು ಕೆಲಸ, ಹೇಳು?

ಪ್ರಮಾಣ ಎಷ್ಟು ಬೇಕು ಅಂತ ಕೆನಡಾದಲ್ಲಿ ಪ್ರಯೋಗ ಮಾಡಿಯೇ ನೋಡಿದರು. ಅದು ನದಿಯಲ್ಲ, ಒಂಟೇರಿಯೊದಲ್ಲಿ ಪ್ರಯೋಗಕ್ಕೆ ಅಂತಲೇ ಮೀಸಲಿಟ್ಟ ಒಂದು ಸಣ್ಣ ಸರೋವರ. 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಬೆರೆಸಿದರು. ಲೀಟರಿಗೆ 5ರಿಂದ 6 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಐದಾರು ಪಾಲು. ಅಲ್ಲಿದ್ದ ಫ್ಯಾಟ್‌ಹೆಡ್ ಮಿನ್ನೋ ಮೀನುಗಳು ಹೆಚ್ಚುಕಡಿಮೆ ನಿರ್ನಾಮವಾದವು. ಹೆಣ ತೇಲಲಿಲ್ಲ. ಮರಿಗಳು ಹುಟ್ಟುವುದು ನಿಂತಿತು, ಅಷ್ಟೇ. ಬೆರೆಸುವುದು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಮತ್ತೆ ಹೆಚ್ಚಿದವು.

ತರ್ಕಪ್ಪನವರ ಪಾಸ್-ಫೇಲ್ ಲೆಕ್ಕದಲ್ಲಿ ಆ ಸರೋವರ ಮೊದಲ ವರ್ಷ ಪಾಸಾಗುತ್ತಿತ್ತು.

ಹೊಸಬೆಳಕು
ಅಬ್ಬಾ. ಬೇರೆ ಔಷಧಿಗಳೂ ಹಾಗೇನಾ?

ಬೀಕರಮ್ಮ
ಎಲ್ಲವೂ ಅಲ್ಲ. ಆಕ್ಸಾಜೆಪಾಮ್ ಅಂತ ಆತಂಕಕ್ಕೆ ಕೊಡುವ ಮಾತ್ರೆ. ಸ್ವೀಡನ್ನಿನಲ್ಲಿ ಪರ್ಚ್ ಮೀನಿಗೆ ಅದರ ಸಣ್ಣ ಪ್ರಮಾಣ ಕೊಟ್ಟು ನೋಡಿದರು, 2013ರಲ್ಲಿ ಫಲಿತಾಂಶ ಬಂತು. ಮೀನು ಧೈರ್ಯಶಾಲಿಯಾಯಿತು, ಗುಂಪು ಬಿಟ್ಟು ಒಂಟಿಯಾಗಿ ತಿರುಗಿತು, ಬೇಗ ಬೇಗ ತಿಂದಿತು. ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಮೀನಿರುವ ನದಿಯಲ್ಲಿ ಗುಂಪು ಬಿಟ್ಟ ಸಣ್ಣ ಮೀನಿನ ಗತಿ ಏನಾಗುತ್ತದೆ ಅಂತ ಗೌಡ್ರನ್ನು ಕೇಳು.

ಗಾಳದ ಗೌಡ
ಅದರ ಕತೆ ಮುಗೀತು ಅಷ್ಟೇ 😄

ಕೆಸರುಕಾಲು
ಇದಕ್ಕೆ ಸೇರಿಸಬೇಕಾದ್ದು ತಾಮ್ರ. ಒಂದು ಮೀನಿನ ಚರ್ಮ ಹರಿದರೆ ನೀರಿಗೆ ಒಂದು ವಾಸನೆ ಬಿಡುಗಡೆಯಾಗುತ್ತದೆ. ಉಳಿದ ಮೀನು ಅದನ್ನು ಹಿಡಿದ ಕೂಡಲೇ ಅಲ್ಲಾಡದೆ ನಿಲ್ಲುತ್ತವೆ, ಬೇಟೆ ಮೀನಿನ ಕಣ್ಣಿಗೆ ಬೀಳಬಾರದು ಅಂತ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಇದ್ದರೆ ಎಳೆ ಸಾಲ್ಮನ್‌ಗಳ ಮೂಗು ಮಂಕಾಗುತ್ತದೆ. ಅಪಾಯದ ವಾಸನೆ ಬಂದರೂ ಆರಾಮಾಗಿ ಈಜುತ್ತಿರುತ್ತವೆ. ಪ್ರಯೋಗದಲ್ಲಿ ಅಂಥ ಮರಿಗಳು ಬೇಟೆ ಮೀನಿಗೆ ಬೇಗ ಸಿಕ್ಕಿಬಿದ್ದವು. ಈ ಸಾವನ್ನು ಯಾರೂ ತಾಮ್ರದ ಲೆಕ್ಕಕ್ಕೆ ಬರೆಯುವುದಿಲ್ಲ. ವಾಹನದ ಬ್ರೇಕ್ ಪ್ಯಾಡಿನ ಪುಡಿಯಿಂದಲೂ ತಾಮ್ರ ನದಿಗೆ ಹೋಗುತ್ತದೆ, ಗೊತ್ತಾ?

ವಾಹನ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಸಿಯಾಟಲ್ ಸುತ್ತಲ ಹೊಳೆಗಳಲ್ಲಿ ಮಳೆ ಬಂದಾಗೆಲ್ಲ ಕೋಹೋ ಸಾಲ್ಮನ್ ಮೊಟ್ಟೆ ಇಡುವ ಮುಂಚೆಯೇ ಸಾಯುತ್ತಿದ್ದವು. ಹೊಟ್ಟೆ ಕೊಯ್ದರೆ ಮೊಟ್ಟೆ ಹಾಗೇ ತುಂಬಿರುತ್ತಿತ್ತು. ವರ್ಷಗಟ್ಟಲೆ ಹುಡುಕಿದ ಮೇಲೆ 2020ರ ಡಿಸೆಂಬರಿನಲ್ಲಿ ಕಾರಣ ಗೊತ್ತಾಯಿತು. ಟೈರಿನ ರಬ್ಬರ್ ಬಿರಿಯದಿರಲಿ ಅಂತ 6ಪಿಪಿಡಿ ಅನ್ನುವುದನ್ನು ಹಾಕುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ ಬೇರೊಂದು ವಸ್ತುವಾಗುತ್ತದೆ. ರಸ್ತೆಯ ಮೇಲಿನ ಟೈರಿನ ಪುಡಿಯ ಜೊತೆ ಮಳೆ ನೀರಿನಲ್ಲಿ ಹೊಳೆಗೆ ಬರುತ್ತದೆ. ವಿಚಿತ್ರ ಏನೆಂದರೆ ಅದೇ ಹೊಳೆಯ ಚಮ್ ಸಾಲ್ಮನ್‌ಗೆ ಏನೂ ಆಗುವುದಿಲ್ಲ. ಒಂದು ಜಾತಿ ಗಟ್ಟಿಯಾಗಿದೆ ಅಂತ ಪಕ್ಕದ ಜಾತಿಯ ಬಗ್ಗೆ ಹೇಳಲು ಬರುವುದಿಲ್ಲ.

ತರ್ಕಪ್ಪ
ಸರಿ, ಇಷ್ಟು ದೂರ ಬಂದಿದ್ದೇವೆ. ನನ್ನ ಇನ್ನೊಂದು ಮಾತು ಕೇಳಿ. ಮೀನು ಹೊಂದಿಕೊಳ್ಳುತ್ತದೆ. ಅಮೆರಿಕದ ಹಡ್ಸನ್ ನದಿಯ ಟಾಮ್‌ಕಾಡ್ ಮೀನು ಪಿಸಿಬಿ (ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ರಾಸಾಯನಿಕಗಳು) ವಿಷಕ್ಕೆ ಒಗ್ಗಿಕೊಂಡಿದೆ ಅಂತ ನಾನೂ ಓದಿದ್ದೇನೆ. ಥೇಮ್ಸ್ ನದಿ ಸತ್ತೇ ಹೋಯಿತು ಅಂದಿದ್ದರು, ಈಗ ಮೀನು ತುಂಬಿದೆ. ಪ್ರಕೃತಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ನಾವು ಸುಮ್ನೆ ಗಾಬರಿ ಬೀಳುತ್ತೇವೆ.

ಕೆಸರುಕಾಲು
ಟಾಮ್‌ಕಾಡ್ ವಿಷಯ ನಿಜ. ಅದರ ಒಂದು ಜೀನ್‌ನಲ್ಲಿ ಡಿಎನ್‌ಎಯ ಆರು ಅಕ್ಷರ ಬಿಟ್ಟುಹೋಗಿವೆ, ಹಾಗಾಗಿ ಪಿಸಿಬಿ ಅದರ ಮೈಯಲ್ಲಿ ಸುಲಭವಾಗಿ ಕೀಲಿ ತಿರುಗಿಸಲಾರದು. ಇದನ್ನು 2011ರಲ್ಲಿ ತೋರಿಸಿದರು. ಆದರೆ ಅದರ ಅರ್ಥ ವಿಷ ಮೀನಿನ ಮೈಗೆ ಹೋಗುತ್ತಿಲ್ಲ ಅಂತ ಅಲ್ಲ. ಹೋಗುತ್ತದೆ, ಕೊಬ್ಬಿನಲ್ಲಿ ಕೂರುತ್ತದೆ, ಅದನ್ನು ತಿಂದ ದೊಡ್ಡ ಮೀನಿಗೆ ದಾಟುತ್ತದೆ. ಆ ದೊಡ್ಡ ಮೀನಿಗೆ ಆರು ಅಕ್ಷರದ ಭಾಗ್ಯ ಇರುವುದಿಲ್ಲ. ಮತ್ತೆ ಅಷ್ಟು ಬೇಗ ಬದಲಾಗಲು ಮೀನಿಗೆ ಎಷ್ಟು ತಲೆಮಾರು ಸತ್ತಿರಬೇಕು ಯೋಚಿಸಿ.

ಥೇಮ್ಸ್ ತಾನಾಗಿ ಸರಿಹೋಗಲಿಲ್ಲ. 1957ರಲ್ಲಿ ಲಂಡನ್ನಿನ ಭಾಗದಲ್ಲಿ ಅದು ಜೀವವಿಲ್ಲದ ನದಿ ಅನ್ನಿಸಿಕೊಂಡಿತ್ತು. ಆಮೇಲೆ ಚರಂಡಿ ಶುದ್ಧೀಕರಣ ಘಟಕಗಳನ್ನು ದುಡ್ಡು ಸುರಿದು ಮತ್ತೆ ಕಟ್ಟಿದರು. 1974ರಲ್ಲಿ ಒಂದು ಸಾಲ್ಮನ್ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ರೈನ್ ನದಿಯ ಕತೆಯೂ ಅಷ್ಟೇ. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನ ಜೊತೆ ಕೀಟನಾಶಕ ನದಿಗೆ ಹೋಗಿ ಲಕ್ಷಕ್ಕೂ ಹೆಚ್ಚು ಹಾವುಮೀನು ಸತ್ತವು. ಮಾರನೇ ವರ್ಷ ದಂಡೆಯ ದೇಶಗಳೆಲ್ಲ ಕೂತು ಯೋಜನೆ ಮಾಡಿದ್ದಕ್ಕೆ ಸಾಲ್ಮನ್ ಮತ್ತೆ ಮೇಲೆ ಬಂದವು.

ಇನ್ನು ತಳದ ಕೆಸರು. ಅಮೆರಿಕದ ಒಹಾಯೊದ ಬ್ಲ್ಯಾಕ್ ನದಿಯಲ್ಲಿ ಕಲ್ಲಿದ್ದಲಿನಿಂದ ಕೋಕ್ (ಉಕ್ಕಿನ ಕುಲುಮೆಗೆ ಹಾಕುವ ಇಂಧನ) ಮಾಡುವ ಘಟಕ ಇತ್ತು. ಅಲ್ಲಿನ ಬುಲ್‌ಹೆಡ್ ಕ್ಯಾಟ್‌ಫಿಶ್‌ಗಳಿಗೆ ಲಿವರ್ ಕ್ಯಾನ್ಸರ್. 1983ರಲ್ಲಿ ಘಟಕ ಮುಚ್ಚಿತು, ಕ್ಯಾನ್ಸರ್ ಇಳಿಯಿತು. ಆಮೇಲೆ 1990ರ ಹೊತ್ತಿಗೆ ಕೆಸರು ಎತ್ತಲು ಹೋದರು, ಹೂತಿದ್ದ ವಿಷ ಕದಡಿತು, ಕ್ಯಾನ್ಸರ್ ಮತ್ತೆ ಏರಿತು. ಕೆಲವು ವರ್ಷ ಕಳೆದ ಮೇಲೆಯೇ ಅದು ಇಳಿದದ್ದು. ಹೂಳೆತ್ತುವುದು ಒಳ್ಳೆಯದೇ, ಆದರೆ ಕೆಸರಿನಲ್ಲಿ ಏನಿದೆ ಅಂತ ನೋಡದೆ ಜೆಸಿಬಿ ಇಳಿಸಬಾರದು.

ನೀರ್ಕಾಗೆ
2022ರಲ್ಲಿ ಪೋಲೆಂಡ್ ಜರ್ಮನಿ ಗಡಿಯ ಓಡರ್ ನದಿಯಲ್ಲಿ ಟನ್‌ಗಟ್ಟಲೆ ಮೀನು ಸತ್ತಿದ್ದವಲ್ಲ, ಅದೂ ಕಾರ್ಖಾನೆ ವಿಷವೇನಾ? ಪಾಚಿ ಅಂತ ಕೇಳಿದ ನೆನಪು.

ಬೀಕರಮ್ಮ
ಎರಡೂ ಹೌದು. ಕೊಂದದ್ದು ಪ್ರಿಮ್ನೇಸಿಯಂ ಅನ್ನುವ ಹೊಂಬಣ್ಣದ ಪಾಚಿ. ಅದರ ವಿಷ ಕಿವಿರನ್ನೇ ಒಡೆಯುತ್ತದೆ. ಆದರೆ ಅದು ಸಾಮಾನ್ಯವಾಗಿ ಸವಳು ನೀರಿನ ಜೀವಿ, ಸಿಹಿನೀರಿನ ನದಿಯಲ್ಲಿ ಅದಕ್ಕೇನು ಕೆಲಸ? ಗಣಿಗಳಿಂದ, ಕಾರ್ಖಾನೆಗಳಿಂದ ಬಂದ ಉಪ್ಪು ನೀರು ಅದಕ್ಕೆ ಮನೆ ಕಟ್ಟಿಕೊಟ್ಟಿತು. ಬಿಸಿಲು, ಕಡಿಮೆ ಹರಿವು ಸೇರಿಕೊಂಡವು. ಸುಮಾರು 360 ಟನ್ ಮೀನು ಹೋಯಿತು. ಉಪ್ಪು "ವಿಷ" ಅಂತ ಯಾವ ಪಟ್ಟಿಯಲ್ಲೂ ಮೇಲೆ ಇರುವುದಿಲ್ಲ ನೋಡಿ.

ಹೊಸಬೆಳಕು
ಇಂಥ ನದಿಯ ಮೀನು ತಿನ್ನಬಹುದಾ? ಚೆನ್ನಾಗಿ ತೊಳೆದು ಬೇಯಿಸಿದರೆ?

ಬೀಕರಮ್ಮ
ರೋಗಾಣುವಿಗೆ ಬೇಯಿಸುವುದು ಸಾಕು. ಪಿಸಿಬಿಯಂಥವು ಕೊಬ್ಬಿನಲ್ಲಿ ಇರುತ್ತವೆ, ಚರ್ಮ, ಹೊಟ್ಟೆಯ ಕೊಬ್ಬು ತೆಗೆದರೆ ಸ್ವಲ್ಪ ಕಡಿಮೆಯಾಗುತ್ತದೆ. ಪಾದರಸಕ್ಕೆ ಏನು ಮಾಡಿದರೂ ಉಪಯೋಗ ಇಲ್ಲ, ಮೀಥೈಲ್ ಪಾದರಸ ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ಜಪಾನಿನ ಅಗಾನೊ ನದಿಯ ದಂಡೆಯ ಜನರ ನರಗಳಿಗೆ ಏಟು ಬಿದ್ದದ್ದು ಅಂಥ ಮೀನು ತಿಂದದ್ದರಿಂದಲೇ, 1965ರಲ್ಲಿ ಅದು ಹೊರಗೆ ಬಂತು. ಬೇಟೆಯಾಡುವ ದೊಡ್ಡ, ವಯಸ್ಸಾದ ಮೀನಿನಲ್ಲಿ ಜಾಸ್ತಿ. ಗರ್ಭಿಣಿಯರು, ಮಕ್ಕಳು ಅಂಥ ನದಿಯ ದೊಡ್ಡ ಮೀನು ಬಿಡುವುದೇ ವಾಸಿ.

ತರ್ಕಪ್ಪ
ಒಂದು ಕೆಲಸಕ್ಕೆ ಬರುವ ಮಾತು ಹೇಳಿ. ನಾಳೆ ಮೀನು ಒದ್ದಾಡುತ್ತಿರುವುದು ಕಂಡರೆ ಏನು ಎತ್ತಿಟ್ಟುಕೊಳ್ಳಬೇಕು? ಆಮೇಲೆ ಯಾರೂ "ಸಾಕ್ಷಿ ಇಲ್ಲ" ಅನ್ನಬಾರದು. ವಾದದಲ್ಲಿ ನಾನೂ ಅದನ್ನೇ ಅನ್ನುತ್ತಿದ್ದೆ.

ಕೆಸರುಕಾಲು
ಸತ್ತ ಮೀನಿಗಿಂತ ಸಾಯುತ್ತಿರುವ ಮೀನು ಮುಖ್ಯ. ಸತ್ತ ಸ್ವಲ್ಪ ಹೊತ್ತಿಗೇ ಕಿವಿರು ಬಿಳಿಚಿ ಕೊಳೆಯಲು ಶುರುವಾಗುತ್ತದೆ, ಏನೂ ಹೇಳಲು ಆಗುವುದಿಲ್ಲ. ಸಿಕ್ಕ ಕೂಡಲೇ ಮುಚ್ಚಳ ಎತ್ತಿ ಕಿವಿರಿನ ಬಣ್ಣದ ಫೋಟೋ ತೆಗೆಯಿರಿ. ರಕ್ತ ಚಾಕಲೇಟ್ ಬಣ್ಣದ್ದಾಗಿದ್ದರೆ ನೈಟ್ರೈಟ್ (ಸಾರಜನಕದ ಒಂದು ಸಂಯುಕ್ತ) ಅನುಮಾನ. ಅದು ರಕ್ತದ ಹಿಮೋಗ್ಲೋಬಿನ್‌ ಅನ್ನು ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಆಗ ನೀರಿನಲ್ಲಿ ಆಮ್ಲಜನಕ ತುಂಬಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ.

ರೋಗ ಪರೀಕ್ಷೆಗೆ ಕೊಡುವ ಮೀನನ್ನು ಐಸಿನ ಮೇಲೆ ಇಡಿ, ಫ್ರೀಜರಿಗೆ ಹಾಕಬೇಡಿ. ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕಕ್ಕೆ ಕೆಲಸಕ್ಕೆ ಬರುವುದಿಲ್ಲ. ಕೀಟನಾಶಕ ನೋಡಿಸಲು ಬೇರೆ ಮೀನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಅದನ್ನು ಫ್ರೀಜ್ ಮಾಡಬಹುದು.

ಬೀಕರಮ್ಮ
ನೀರನ್ನು ಮೂರು ಕಡೆ ತೆಗೆಯಿರಿ: ಕೊಳವೆ ಸೇರುವ ಜಾಗಕ್ಕಿಂತ ಮೇಲಿನ ಹರಿವಿನಲ್ಲಿ, ಸೇರುವಲ್ಲಿ, ಕೆಳಗಿನ ಹರಿವಿನಲ್ಲಿ. ಮೇಲಿನದು ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಎಲ್ಲರೂ ಮರೆಯುವುದು ಅದನ್ನೇ. ಕೀಟನಾಶಕಕ್ಕೆ ಗಾಜಿನ ಬಾಟಲಿ, ಲೋಹಕ್ಕೆ ಪ್ಲಾಸ್ಟಿಕ್. ಬಾಟಲಿಯಲ್ಲಿ ಗಾಳಿ ಉಳಿಯದಂತೆ ತುಂಬಿ, ಕತ್ತಲಲ್ಲಿ ತಣ್ಣಗಿಡಿ. ಆಮ್ಲಜನಕ, ಪಿಎಚ್, ನೀರಿನ ಬಿಸಿ ಈ ಮೂರನ್ನು ಅಲ್ಲೇ ಅಳೆಯಬೇಕು, ಮನೆಗೆ ತಂದರೆ ಬದಲಾಗಿರುತ್ತದೆ. ಬಾಟಲಿಯ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಅಮೋನಿಯಾ ವರದಿ ಬಂದಾಗ ಪಿಎಚ್, ಬಿಸಿ ಎರಡೂ ಪಕ್ಕದಲ್ಲಿ ಇಲ್ಲದಿದ್ದರೆ ಆ ಅಂಕಿ ಹಿಡಿದುಕೊಂಡು ಏನೂ ಮಾಡಲಾಗದು, ವಾಪಸ್ ಕೇಳಿ.

ಗಾಳದ ಗೌಡ
ಮತ್ತೆ ಸ್ಯಾಂಪಲ್ ತೆಗೆಯಲು ಹೊರಡುವುದಾದರೆ ಕತ್ತಲಿರುವಾಗಲೇ ಹೊರಡಿ ತರ್ಕಪ್ಪನವರೇ. ಬಿಸಿಲೇರಿದ ಮೇಲೆ ಹೋದರೆ ನಿಮ್ಮ ಮೀನು ಎಲ್ಲ ಪಾಸಾಗಿರುತ್ತವೆ.